ಮೀನಿನ ಹೊಟ್ಟೆಯಲ್ಲಿ ಯೋನ, ಫ್ರಿಜ್ಜಿನಲ್ಲಿ ಮೀನು

ಬುಧವಾರವಾದರೂ ನನ್ನ ಬಲಗೈ ಬೆರಳುಗಳ ನೀಲಿ ಹೋಗಿಲ್ಲ. ಸೋಪು, ನಿಂಬೆಹಣ್ಣು, ಪಾತ್ರೆ ತಿಕ್ಕುವ ಪುಡಿ, ಎಲ್ಲವೂ ಸೋತವು. ತರಕಾರಿ ಗಾಡಿಯವನು ಚಿಲ್ಲರೆ ಕೊಡುವಾಗ ಕೈ ನೋಡಿ, ‘ಏನಮ್ಮಾ, ಜೀನ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಿರಾ?’ ಎಂದ. ಬಳ್ಳಾರಿಯಲ್ಲಿ ನೀಲಿ ಕೈ ಕಂಡವರಿಗೆ ಮೊದಲು ಹೊಳೆಯುವುದೇ ಅದು. ಜೀನ್ಸ್ ತೊಳೆಯುವ ಘಟಕಗಳಲ್ಲಿ ದುಡಿಯುವವರಿಗೆ ಆ ಬಣ್ಣಕ್ಕೆ ಕೂಲಿಯಾದರೂ ಸಿಗುತ್ತದೆ. ನನಗೆ ಸಿಕ್ಕಿದ್ದು ಒಂದು ಮಾತು: ‘ಚೆನ್ನಾಗಿದೆ ಅಕ್ಕಾ, ಆದರೆ ಫೋಟೋದಲ್ಲಿ ಮೀನು ನಗುತ್ತಿತ್ತು.’

ಮಾತು ಆಡಿದವರು ನಮ್ಮ ಚರ್ಚಿನ ಸಂಡೇ ಸ್ಕೂಲ್ ಮೇಡಂ. ಒಳ್ಳೆಯ ಹೆಣ್ಣುಮಗಳು, ಮಕ್ಕಳೆಂದರೆ ಜೀವ. ಹಾಡು ಹೇಳಿಕೊಡುತ್ತಾರೆ, ಬಾಯಿಪಾಠದ ವಚನವನ್ನು ಒಂದಕ್ಷರ ತಪ್ಪದಂತೆ ಹೇಳಿಸುತ್ತಾರೆ. ಇಷ್ಟು ಹೇಳಿದ ಮೇಲೆ ನನ್ನ ಋಣ ತೀರಿತು, ಇನ್ನು ವಿಷಯಕ್ಕೆ ಬರುತ್ತೇನೆ. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಅವರಿಗೆ ಜ್ಞಾನೋದಯವಾಯಿತು. ಮಕ್ಕಳು ಕೇಳಿದ್ದನ್ನು ಮರೆಯುತ್ತಾರೆ, ತಿಂದದ್ದನ್ನು ಮರೆಯುವುದಿಲ್ಲ. ಆದ್ದರಿಂದ ಬೈಬಲಿನ ಪ್ರತಿ ಪಾಠಕ್ಕೂ ಆ ಪಾಠದ್ದೇ ತಿಂಡಿಯಾಗಬೇಕು. ಅಡುಗೆ ಮಾತ್ರ ಅವರಿಗೆ ಬರುವುದಿಲ್ಲ, ಅದನ್ನು ಅವರೇ ನಗುನಗುತ್ತ ಹೇಳಿಕೊಳ್ಳುತ್ತಾರೆ. ‘ಯಾರು ಮಾಡಿಕೊಡುತ್ತೀರಿ?’ ಎಂದು ಆರಾಧನೆ ಮುಗಿದ ಮೇಲೆ ಕೇಳಿದಾಗ ಹೆಂಗಸರೆಲ್ಲ ಒಮ್ಮೆಗೇ ಕೀರ್ತನೆಯ ಪುಸ್ತಕ ತಿರುವತೊಡಗಿದರು. ನಾನು ಜಾರುತ್ತಿದ್ದ ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದೆ. ಅಷ್ಟೇ ಸಾಕಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೇಡಂ ಅವರ ಸಂದೇಶ ಬರುವುದು ಶನಿವಾರ ರಾತ್ರಿ. ಊಟವಾಗಿ, ಒಲೆಕಟ್ಟೆ ಒರೆಸಿ, ಅಡುಗೆಮನೆಯ ದೀಪ ಆರಿಸಿದ ಮೇಲೆಯೇ ಬರಬೇಕು. ಒಂದು ನಿಮಿಷ ಮುಂಚೆ ಬಂದರೂ ಅವರಿಗೆ ಸಮಾಧಾನವಿಲ್ಲ. ಮೊದಲು ಕೈಮುಗಿದ ಒಂದು ಚಿತ್ರ. ಆಮೇಲೆ ‘ಸ್ತೋತ್ರ ಅಕ್ಕಾ’. ಆಮೇಲೆ ಅವರು ಏನೋ ಬರೆಯುತ್ತಿದ್ದಾರೆ ಎಂದು ಪರದೆ ತೋರಿಸುತ್ತದೆ, ನಿಲ್ಲುತ್ತದೆ, ಮತ್ತೆ ತೋರಿಸುತ್ತದೆ. ಆ ಹೊತ್ತಿನಲ್ಲಿ ನನ್ನ ರಕ್ತದೊತ್ತಡ ಎಷ್ಟಿರುತ್ತದೆಂದು ಯಾರೂ ಅಳೆದಿಲ್ಲ. ಕೊನೆಗೆ ಫೋಟೋ ಬಂದು ಬೀಳುತ್ತದೆ. ಕೆಳಗೆ ತಪ್ಪದೆ ಒಂದು ಸಾಲು: ‘ತುಂಬಾ ಸುಲಭ ಅಕ್ಕಾ, ಹತ್ತೇ ನಿಮಿಷ.’

ಆ ಫೋಟೋದ ಅಡುಗೆಮನೆಗಳಲ್ಲಿ ಕಿಟಕಿಯಾಚೆ ಹಿಮ ಬೀಳುತ್ತಿರುತ್ತದೆ. ಮಾರ್ಷ್‌ಮೆಲೋ ಎಂಬ ಬಿಳಿಯ ಮೆತ್ತನೆಯ ಪದಾರ್ಥದಿಂದ ಕುರಿಮರಿಗಳನ್ನು ಮಾಡಿರುತ್ತಾರೆ, ಸೆಲರಿ ದಂಟಿನಿಂದ ದೋಣಿ ಮಾಡಿರುತ್ತಾರೆ. ಇವುಗಳನ್ನು ಹುಡುಕಿಕೊಂಡು ನಾನು ಬೆಂಗಳೂರು ರಸ್ತೆಯ ಅಂಗಡಿಗಳನ್ನು ಸುತ್ತಿದ್ದೇನೆ. ಸೆಲರಿ ಕೇಳಿದರೆ ಒಬ್ಬರು ಕೊತ್ತಂಬರಿ ಕಟ್ಟು ಕೈಗಿಟ್ಟು, ‘ಇದೂ ಹಾಗೇ ಇರುತ್ತದೆ, ತೆಗೆದುಕೊಳ್ಳಿ’ ಎಂದರು. ಕೊತ್ತಂಬರಿ ಸೊಪ್ಪಿನ ದೋಣಿಯಲ್ಲಿ ಯೇಸುವಿನ ಶಿಷ್ಯರನ್ನು ಕೂರಿಸಿ ಗಲಿಲಾಯ ಸಮುದ್ರ ದಾಟಿಸುವುದು ಹೇಗೆ?

ಹಾಗೆಂದು ನಾನು ಕೈಕಟ್ಟಿ ಕುಳಿತವಳಲ್ಲ. ಯೆರಿಕೋ ಪಟ್ಟಣದ ಪಾಠಕ್ಕೆ ಗ್ಲೂಕೋಸ್ ಬಿಸ್ಕತ್ತುಗಳನ್ನು ಬೆಲ್ಲದ ಪಾಕದಲ್ಲಿ ಅಂಟಿಸಿ ಕೋಟೆ ಕಟ್ಟಿಕೊಟ್ಟೆ. ಯೆಹೋಶುವನ ಜನ ಆರು ದಿನ ದಿನಕ್ಕೊಂದು ಸುತ್ತು, ಏಳನೆಯ ದಿನ ಏಳು ಸುತ್ತು ಹಾಕಿ ಆರ್ಭಟಿಸಿದಾಗ ಗೋಡೆ ಬಿತ್ತು. ನಮ್ಮ ಮಕ್ಕಳು ಸುತ್ತು ಮುಗಿಸುವುದರೊಳಗೆ ಇರುವೆಗಳು ನುಗ್ಗಿ ಪಟ್ಟಣವನ್ನು ವಶಪಡಿಸಿಕೊಂಡಿದ್ದವು. ಮಕ್ಕಳು ಗಂಟಲು ಹರಿಯುವಂತೆ ಕೂಗಿದರೂ ಗೋಡೆ ಅಲುಗಲಿಲ್ಲ, ಪಾಕ ಅಷ್ಟು ಗಟ್ಟಿಯಾಗಿತ್ತು. ‘ಚೆನ್ನಾಗಿದೆ ಅಕ್ಕಾ, ಆದರೆ ಬೀಳಬೇಕಿತ್ತು’ ಎಂದರು ಮೇಡಂ. ದೈತ್ಯ ಗೊಲ್ಯಾತನನ್ನು ಹೊಡೆಯಲು ದಾವೀದನು ಹಳ್ಳದಿಂದ ಆರಿಸಿಕೊಂಡ ಐದು ನುಣುಪು ಕಲ್ಲುಗಳಿಗೆ ಶೇಂಗಾ ಉಂಡೆ ಮಾಡಿದೆ. ಊರ ನಡುವೆ ಬಂಡೆಯೇ ಗುಡ್ಡವಾಗಿ ನಿಂತಿರುವ ಬಳ್ಳಾರಿಯಲ್ಲಿ ಮಕ್ಕಳಿಗೆ ಕಲ್ಲನ್ನು ತಿಂಡಿಯಲ್ಲಿ ಮಾಡಿ ತೋರಿಸಬೇಕೇ? ತೋರಿಸಿದೆವು. ಗೊಲ್ಯಾತನ ಎತ್ತರ ಆರು ಮೊಳ ಒಂದು ಗೇಣು. ತರಗತಿಯಲ್ಲಿ ಅಷ್ಟು ಎತ್ತರದವರಿಲ್ಲದ ಕಾರಣ ಏಳನೆಯ ತರಗತಿಯ ಒಬ್ಬ ಉದ್ದನೆಯ ಹುಡುಗನನ್ನು ಗೊಲ್ಯಾತನೆಂದು ಮಕ್ಕಳೇ ತೀರ್ಮಾನಿಸಿದರು. ಉಂಡೆ ಹಣೆಗೆ ಬಿತ್ತು. ಗೊಲ್ಯಾತನ ತಾಯಿ ಮುಂದಿನ ವಾರ ನನ್ನೊಂದಿಗೆ ಮಾತಾಡಲಿಲ್ಲ.

ಮನ್ನದ ಪಾಠ ಬಂದಾಗ ನನಗೆ ಹಿಗ್ಗು. ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ಆಹಾರವಾಗಿ ಆಕಾಶದಿಂದ ಬಿದ್ದ ಈ ಮನ್ನ ಕೊತ್ತಂಬರಿ ಕಾಳಿನಂತೆ ಬೆಳ್ಳಗಿತ್ತಂತೆ, ಜೇನುತುಪ್ಪ ಹಾಕಿದ ದೋಸೆಯ ರುಚಿಯಂತೆ. ನಾನು ಫೋಟೋದ ಗೊಡವೆಗೇ ಹೋಗದೆ ಮಂಡಕ್ಕಿಗೆ ಬೆಲ್ಲದ ಪುಡಿ ಕಲಸಿ ಒಯ್ದೆ. ಆ ದಿನ ಎಲ್ಲವೂ ಸರಾಗ. ಆದರೆ ಮನ್ನವನ್ನು ಮರುದಿನಕ್ಕೆ ಉಳಿಸಿಕೊಂಡವರಿಗೆ ಅದು ಹುಳುಬಿದ್ದು ನಾತ ಹೊಡೆಯಿತು ಎಂದು ಮೇಡಂ ಹೇಳಿದ್ದನ್ನು ಒಬ್ಬ ಹುಡುಗ ಗಮನವಿಟ್ಟು ಕೇಳಿದ್ದ. ಒಂದು ಹಿಡಿ ಮಂಡಕ್ಕಿಯನ್ನು ಹೊಸ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಹೋಗಿ, ಸೋಮವಾರ ತೆಗೆದು ನೋಡಿ, ಮುಂದಿನ ಭಾನುವಾರ ಎಲ್ಲರೆದುರು ಎದ್ದು ನಿಂತು, ‘ಹುಳು ಬೀಳಲಿಲ್ಲ ಮೇಡಂ’ ಎಂದು ಸಾಕ್ಷಿ ಹೇಳಿದ. ಸಬ್ಬತ್ ಎಂಬ ವಿಶ್ರಾಂತಿಯ ದಿನಕ್ಕೆಂದು ಇಟ್ಟದ್ದು ಕೆಡುವುದಿಲ್ಲ ಎಂದು ಮೇಡಂ ಸಮಜಾಯಿಷಿ ಕೊಟ್ಟರು. ‘ನಾನು ಇಟ್ಟದ್ದು ಸೋಮವಾರಕ್ಕೆ’ ಎಂದ ಅವನು. ಮುಂದೆ ವಕೀಲನಾಗುತ್ತಾನೆ. ಮೇಡಂ ಉತ್ತರಕ್ಕಾಗಿ ನನ್ನ ಮುಖ ನೋಡಿದರು, ತಪ್ಪು ಮಂಡಕ್ಕಿಯದು ಎಂಬಂತೆ.

ಒಮ್ಮೆ ತಾಳ್ಮೆ ತಪ್ಪಿ ಮೇಡಂಗೆ ಚರಿತ್ರೆ ಹೇಳಿದೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ಪತ್ರಿಕೆ ನಡೆಸುತ್ತಿದ್ದ ರಾಬರ್ಟ್ ರೈಕ್ಸ್, ವಾರವೆಲ್ಲ ದುಡಿಯುವ ಬಡಮಕ್ಕಳಿಗೆ ಬಿಡುವಿರುವ ಒಂದೇ ದಿನ ಅಕ್ಷರ ಕಲಿಸಲೆಂದು ಸಂಡೇ ಸ್ಕೂಲ್ ನಡೆಸಿದರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇದೇ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಈ ಬಿಸಿಲಿನಲ್ಲೇ ಕುಳಿತು ಬೈಬಲನ್ನು ಕನ್ನಡಕ್ಕೆ ತಂದರು. ಇಬ್ಬರೂ ಜೆಲ್ಲಿಯ ಹಂಗಿಲ್ಲದೆ ಕೆಲಸ ಮಾಡಿದವರು ಎಂದೆ. ಮೇಡಂ ಕಣ್ಣರಳಿಸಿ ಕೇಳಿದರು. ‘ಎಷ್ಟು ಒಳ್ಳೆಯ ವಿಷಯ ಅಕ್ಕಾ! ಇವರ ಬಗ್ಗೆಯೂ ಒಂದು ಪಾಠ ಮಾಡೋಣ. ಅದಕ್ಕೆ ಏನು ತಿಂಡಿ ಮಾಡಬಹುದು?’

ಇನ್ನು ಕಳೆದ ಶನಿವಾರ. ಪಾಠ, ದೊಡ್ಡ ಮೀನು ನುಂಗಿದ ಪ್ರವಾದಿ ಯೋನನದು. ಫೋಟೋದಲ್ಲಿ ಕನ್ನಡಿಯಂಥ ನೀಲಿ ಜೆಲ್ಲಿಯ ಮೀನುಗಳು, ಪ್ರತಿ ಮೀನಿನ ಹೊಟ್ಟೆಯೊಳಗೆ ಮಿಠಾಯಿಯ ಒಬ್ಬೊಬ್ಬ ಪುಟ್ಟ ಯೋನ. ನಮ್ಮ ಯಜಮಾನರು ಮೊಬೈಲಿನೊಳಗೆ ಇಣುಕಿ, ‘ದೇವರು ನಿನೆವೆ ಪಟ್ಟಣಕ್ಕೆ ಹೋಗು ಎಂದರೆ ಯೋನ ತಾರ್ಷೀಷಿನ ಹಡಗು ಹತ್ತಿ ಓಡಿದ. ನೀನೂ ಹಂಪಿ ಎಕ್ಸ್‌ಪ್ರೆಸ್ ಹತ್ತಿಬಿಡು’ ಎಂದು ಸಲಹೆ ಕೊಟ್ಟು ಮಲಗಿದರು. ಬಾಗಿಲು ಹಾಕುತ್ತಿದ್ದ ಕಿರಾಣಿ ಅಂಗಡಿಯಲ್ಲಿ ಜೆಲ್ಲಿ ಹೆಪ್ಪುಗಟ್ಟಿಸುವ ಚೈನಾ ಗ್ರಾಸ್ ಸಿಕ್ಕಿತು, ನೀಲಿ ಬಣ್ಣದ ಪುಟ್ಟ ಸೀಸೆಯೂ ಸಿಕ್ಕಿತು. ಮೀನಿನ ಅಚ್ಚು ಎಲ್ಲಿಂದ ಬರಬೇಕು? ಅಟ್ಟದ ಮೇಲಿದ್ದ ಕರ್ಜಿಕಾಯಿಯ ಅಚ್ಚು ಇಳಿಸಿದೆ. ಅದನ್ನು ಪುಸ್ತಕದ ಹಾಗೆ ಬಿಡಿಸಿ ಅಂಗಾತ ಇಟ್ಟರೆ ಎರಡು ಅರ್ಧಚಂದ್ರದ ಗುಂಡಿಗಳು, ಅಂಚಿಗೆ ನೆರಿಗೆ. ನೆರಿಗೆಯನ್ನು ಈಜುರೆಕ್ಕೆ ಎಂದುಕೊಂಡರೆ ಮೀನೇ. ಚೈನಾ ಗ್ರಾಸನ್ನು ನೆನೆಸಿ, ಎಳೆಯೊಂದೂ ಉಳಿಯದಂತೆ ಕುದಿಸಿ, ಸಕ್ಕರೆ ಬೆರೆಸಿ, ಬಣ್ಣ ಬಿಟ್ಟೆ. ಅರ್ಧ ಗುಂಡಿಗೆ ಸುರಿದು, ಸ್ವಲ್ಪ ಬಿಗಿದ ಮೇಲೆ ಗೋಡಂಬಿಯ ಒಂದು ಹೋಳನ್ನು ಮಲಗಿಸಿ, ಮೇಲೆ ಮತ್ತೆ ಸುರಿದೆ. ಬೆನ್ನು ಬಾಗಿಸಿ ಮುದುಡಿ ಮಲಗಿದ ಗೋಡಂಬಿ ಯೋನನಿಗೆ ಎಷ್ಟು ಒಪ್ಪುತ್ತದೆ ಎಂಬುದನ್ನು ನೀವು ಕಣ್ಣಾರೆ ನೋಡಬೇಕಿತ್ತು.

ಕೋಣೆಯ ಉಷ್ಣತೆಯಲ್ಲೇ ಹೆಪ್ಪುಗಟ್ಟುತ್ತದೆ ಎಂದು ಪೊಟ್ಟಣದ ಮೇಲೆ ಅಚ್ಚಾಗಿತ್ತು. ಯಾವ ಊರಿನ ಕೋಣೆ ಎಂದು ಅಚ್ಚಾಗಿರಲಿಲ್ಲ. ಹಗಲು 40 ಡಿಗ್ರಿ ದಾಟಿದ ದಿನ ಬಳ್ಳಾರಿಯ ಗೋಡೆಗಳು ನಡುರಾತ್ರಿಯವರೆಗೂ ಕಾವು ಉಗುಳುತ್ತಿರುತ್ತವೆ. ಫ್ರಿಜ್ಜಿನಲ್ಲಿಟ್ಟೆ, ಕರೆಂಟು ಹೋಯಿತು. ಬಂತು, ಹೋಯಿತು. ಇರುವುದು ಒಂದೇ ಅಚ್ಚು, ಸಲಕ್ಕೆ ಎರಡೇ ಮೀನು. ಬಿಗಿದವನ್ನು ಬೆರಳಿನಿಂದ ಎಬ್ಬಿಸುವುದು, ತಟ್ಟೆಯಲ್ಲಿ ಮಲಗಿಸುವುದು, ಪಾತ್ರೆಯಲ್ಲಿ ಉಳಿದದ್ದನ್ನು ಮತ್ತೆ ಬಿಸಿ ಮಾಡುವುದು. ಹತ್ತು ನಿಮಿಷದ ಆ ಕೆಲಸ ಮುಗಿದಾಗ ಬೀದಿಯ ನಾಯಿಗಳೂ ಮಲಗಿದ್ದವು.

ಬೆಳಿಗ್ಗೆ ಆಟೋದಲ್ಲಿ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಮೀನುಗಳು ಕರಗಲಿಲ್ಲ, ನೀರು ಬಿಟ್ಟವು. ಒಂದೊಂದು ರಸ್ತೆ ಉಬ್ಬಿಗೂ ತಾವು ಬಿಟ್ಟ ನೀಲಿ ನೀರಿನಲ್ಲಿ ಆ ದಡದಿಂದ ಈ ದಡಕ್ಕೆ ಈಜಿದವು. ಚರ್ಚು ತಲುಪಿದಾಗ ಅರ್ಧ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೇಡಂ ಅದನ್ನು ನೋಡಿಯೇ ನಗುವ ಮೀನಿನ ಮಾತು ಆಡಿದ್ದು.

ಪಾಠ ಚೆನ್ನಾಗಿಯೇ ನಡೆಯಿತು. ಮೂರು ಹಗಲು ಮೂರು ರಾತ್ರಿ ಯೋನ ಮೀನಿನ ಹೊಟ್ಟೆಯೊಳಗಿದ್ದು ಪ್ರಾರ್ಥಿಸಿದ, ಮೀನು ಅವನನ್ನು ಒಣನೆಲದಲ್ಲಿ ಕಾರಿಬಿಟ್ಟಿತು. ಎಲ್ಲರೂ ಹಾಗೆಯೇ, ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನ್ನನ್ನು ಕೇಳಿದರೆ ಬಳ್ಳಾರಿಯವರಿಗೆ ಬೇಕಾದದ್ದು ಆಮೇಲಿನ ನಾಲ್ಕನೆಯ ಅಧ್ಯಾಯ. ಅಲ್ಲಿ ಯೋನ ನಿನೆವೆಯ ಹೊರಗೆ ಬಿಸಿಲಿನಲ್ಲಿ ಕುಳಿತಿರುತ್ತಾನೆ. ನೆರಳಿಗೆಂದು ಬೆಳೆದ ಗಿಡವನ್ನು ಹುಳು ತಿಂದು ಒಣಗಿಸುತ್ತದೆ, ಬಿಸಿಗಾಳಿ ಬೀಸುತ್ತದೆ, ತಲೆಗೆ ಬಿಸಿಲು ಬಡಿದು ಅವನು ಬದುಕುವುದಕ್ಕಿಂತ ಸಾಯುವುದೇ ಮೇಲು ಎನ್ನುತ್ತಾನೆ. ಏಪ್ರಿಲ್ ತಿಂಗಳಿನಲ್ಲಿ ಮಧ್ಯಾಹ್ನ ಎರಡಕ್ಕೆ ಬಸ್ಸಿಗೆ ಕಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಪಾಠಕ್ಕೆ ಒಂದು ಲೋಟ ಮಜ್ಜಿಗೆ ಸಾಕಾಗಿತ್ತು.

ತಟ್ಟೆ ಮಕ್ಕಳ ಮುಂದೆ ಬಂತು. ‘ನೀಲಿ ಕರ್ಜಿಕಾಯಿ!’ ಎಂದಿತು ಒಂದು ದನಿ. ಅದನ್ನು ಕೇಳಿಸಿಕೊಳ್ಳದವಳಂತೆ ಹಂಚಿದೆ. ಎಲ್ಲರೂ ಗುಳುಕ್ಕನೆ ನುಂಗಿದರು. ಆಮೇಲೆ, ಮನ್ನದ ಸಾಕ್ಷಿ ಹೇಳಿದ ಅದೇ ವಕೀಲ ಎದ್ದ. ‘ಆಂಟಿ, ಯೋನನನ್ನು ನುಂಗಿದ ಮೀನನ್ನು ನಾವು ನುಂಗಿದ್ದೇವೆ. ಹಾಗಾದರೆ ಯೋನ ಈಗ ಯಾರ ಹೊಟ್ಟೆಯಲ್ಲಿದ್ದಾನೆ?’ ತರಗತಿ ಸ್ತಬ್ಧವಾಯಿತು. ಒಬ್ಬಳು ಮೆಲ್ಲಗೆ ಹೊಟ್ಟೆ ಮುಟ್ಟಿ ನೋಡಿಕೊಂಡಳು. ‘ನಾನು ಅಗಿದುಬಿಟ್ಟೆ’ ಎಂದು ಇನ್ನೊಬ್ಬ ಬಾಯಿ ತೆರೆದು ಅಳತೊಡಗಿದ. ಎಲ್ಲಕ್ಕಿಂತ ಚಿಕ್ಕವನು, ಒಂದನೆಯ ತರಗತಿಯವನು, ಏನೂ ಮಾತಾಡದೆ ಬೆರಳು ಮಡಿಸಿ ಎಣಿಸುತ್ತಿದ್ದ: ಸೋಮವಾರ, ಮಂಗಳವಾರ, ಬುಧವಾರ.

ಸೋಮವಾರ ರಾತ್ರಿ ಅವನ ಅಜ್ಜಿಯ ಫೋನು. ‘ನೋಡಮ್ಮಾ, ಹುಡುಗ ಊಟ ಮುಟ್ಟುತ್ತಿಲ್ಲ. ಅನ್ನ ಹಾಕಿದರೆ ಒಳಗಿರುವವನ ತಲೆಯ ಮೇಲೆ ಬೀಳುತ್ತದಂತೆ. ಹಸಿವಿಗೆ ಹೊಟ್ಟೆ ಗುರುಗುರು ಎಂದರೆ, ಕೇಳಿಸಿತಾ ಅಜ್ಜಿ, ಪ್ರಾರ್ಥನೆ ಮಾಡುತ್ತಿದ್ದಾನೆ ಎನ್ನುತ್ತಾನೆ. ಏನು ತಿನ್ನಿಸಿದಿರಿ ನೀವು?’ ಗೋಡಂಬಿ ಎಂದರೆ ನಂಬಲಿಲ್ಲ. ಹುಡುಗನಿಗೇ ಫೋನು ಕೊಡಲು ಹೇಳಿ, ಯೋನನು ಮೀನಿನ ಹೊಟ್ಟೆಯಲ್ಲಿದ್ದಾಗ ಮೀನು ಉಪವಾಸವಿತ್ತೆಂದು ಬೈಬಲಿನಲ್ಲಿ ಎಲ್ಲಿಯೂ ಬರೆದಿಲ್ಲ ಎಂದು ಗಂಭೀರವಾಗಿ ತಿಳಿಹೇಳಿದೆ. ಅವನು ಯೋಚಿಸಿ, ‘ಮಜ್ಜಿಗೆ ಅನ್ನವಾದರೆ ಮೆತ್ತಗೆ ಬೀಳುತ್ತದೆ’ ಎಂದು ಒಪ್ಪಿಕೊಂಡ. ಇಂದು ಬೆಳಿಗ್ಗೆ ಅಜ್ಜಿ ಮತ್ತೆ ಫೋನು ಮಾಡಿ, ಹುಡುಗ ರೊಟ್ಟಿ ತಿಂದು ಶಾಲೆಗೆ ಹೋದ ಎಂದರು. ಯೋನನ ವಿಚಾರ ನಾನು ಕೇಳಲಿಲ್ಲ.

ಮೇಡಂ ಹೇಳಿದ್ದೇ ಸರಿ, ತಿಂದದ್ದನ್ನು ಮಕ್ಕಳು ಮರೆಯುವುದಿಲ್ಲ ಎಂದು ನೀವು ಹೇಳಬಹುದು. ನನಗೂ ಯೋನನ ಪಾಠ ನೆನಪಿದೆ, ತಿಂಡಿಯಿಲ್ಲದೆಯೇ. ನಮಗಿದ್ದ ಟೀಚರಮ್ಮನ ಬಳಿ ಚಿತ್ರವೂ ಇರಲಿಲ್ಲ. ಅವರು ಎದ್ದು ಹೋಗಿ ಒಂದೊಂದೇ ಮರದ ಕಿಟಕಿ ಮುಚ್ಚಿದರು, ಬಾಗಿಲು ಎಳೆದರು. ಕತ್ತಲಾಯಿತು. ಹಳೆಯ ಬೆಂಚು, ಸುಣ್ಣದ ಗೋಡೆ, ನಮ್ಮ ತಲೆಯ ಕೊಬ್ಬರಿ ಎಣ್ಣೆ, ಎಲ್ಲದರ ವಾಸನೆ ಒಮ್ಮೆಗೇ ಮೂಗಿಗೆ ಬಂತು. ‘ಈಗ ನಾವೆಲ್ಲ ಮೀನಿನ ಹೊಟ್ಟೆಯಲ್ಲಿದ್ದೇವೆ’ ಎಂದರು ಟೀಚರಮ್ಮ. ನಾನು ಪಕ್ಕದವಳ ಕೈ ಹಿಡಿದುಕೊಂಡೆ. ಅವಳು ಈಗ ಯಾವ ಊರಿನಲ್ಲಿದ್ದಾಳೋ. ಹೊರಗೆ ಬಂದ ಮೇಲೆ ಸೆರಗಿನ ಗಂಟಿನಿಂದ ಎಲ್ಲರಿಗೂ ಒಂದೊಂದು ಚಿಟಿಕೆ ಪುಠಾಣಿ, ಬೆಲ್ಲ. ಇಂದು ಹಾಗೆ ಕಿಟಕಿ ಮುಚ್ಚಿದರೆ ಮಕ್ಕಳು ಬೆವರಿದರೆಂದು ಪಾಲಕರ ಗುಂಪಿನಲ್ಲಿ ಸಂಜೆಯೊಳಗೆ ದೂರು ಬರುತ್ತದೆ.

ಈ ಸಲ ಶನಿವಾರದ ದಾರಿ ಕಾಯದೆ ನಾನೇ ಮೇಡಂಗೆ ಫೋನು ಮಾಡಿದೆ. ಮುಂದಿನ ಪಾಠ ಏಸಾವ, ಯಾಕೋಬ. ನನಗೆ ಕುಣಿಯುವಷ್ಟು ಸಂತೋಷ. ಹಸಿದು ಬಂದ ಏಸಾವ ತನ್ನ ಚೊಚ್ಚಲತನದ ಹಕ್ಕನ್ನೇ ತಮ್ಮ ಯಾಕೋಬನಿಗೆ ಮಾರಿಕೊಂಡದ್ದು ರೊಟ್ಟಿ ಮತ್ತು ಅಲಸಂದಿ ಗುಗ್ಗರಿಗೆ. ಅಚ್ಚು ಬೇಡ, ಬಣ್ಣ ಬೇಡ, ಫ್ರಿಜ್ಜು ಬೇಡ. ಜೋಳದ ರೊಟ್ಟಿ ತಟ್ಟಿ, ಗುಗ್ಗರಿ ಬೇಯಿಸಿ ತರುತ್ತೇನೆ ಎಂದೆ. ಬೈಬಲಿನ ಜನ ತಿಂದದ್ದರಲ್ಲಿ ಮುಕ್ಕಾಲು ಪಾಲು ನಮ್ಮ ಜಿಲ್ಲೆಯ ಸಂತೆಯಲ್ಲೇ ಸಿಗುತ್ತದೆ. ಅಂಜೂರವಂತೂ ನಮ್ಮಲ್ಲೇ ಬೆಳೆಯುತ್ತದೆ. ಇದನ್ನೂ ಹೇಳಿದೆ.

‘ಚೆನ್ನಾಗಿದೆ ಅಕ್ಕಾ,’ ಎಂದರು. ನಾನು ಕಾದೆ. ‘ಆದರೆ ಏಸಾವ ಕೇಳಿದ್ದು ಕೆಂಪಗಿರುವುದನ್ನು. ಫೋಟೋ ಕಳಿಸುತ್ತೇನೆ.’

ಕೆಂಪು ತಾನೇ. ನಮ್ಮ ಜಿಲ್ಲೆಯ ಒಣಮೆಣಸಿನಕಾಯಿಗೆ ಫೋಟೋ ನೋಡಿ ಕೆಂಪಾಗುವ ಅಗತ್ಯವಿಲ್ಲ. ಡಬ್ಬ ಇಳಿಸಿಟ್ಟಿದ್ದೇನೆ. ಮಕ್ಕಳ ಗುಗ್ಗರಿಗೆ ಬಣ್ಣಕ್ಕೆಂದು ಎರಡು, ಮೇಡಂ ಅವರ ತಟ್ಟೆಗೆ ಒಂದು ಹಿಡಿ. ತುಂಬಾ ಸುಲಭ, ಹತ್ತೇ ನಿಮಿಷ.