ಕಂದು ಕೊಬ್ಬಿಗೆ ಬೆಂಕಿ ಹಚ್ಚುವ ಗಮ್ಮಿ

ಹದಿಹರೆಯದ ಮಕ್ಕಳ ಬೊಜ್ಜಿಗೆ ಕೊನೆಗೂ ಪರಿಹಾರ ಸಿಕ್ಕಿದೆಯಂತೆ. ಆ ಜಾಹೀರಾತು ನೀವೂ ನೋಡಿರುತ್ತೀರಿ. ದಪ್ಪಗಿನ ಹುಡುಗ ಸೋಫಾದಲ್ಲಿ ಕೂತಿದ್ದಾನೆ. ಅಮ್ಮ ಬಾಯಿಗೊಂದು ಗಮ್ಮಿ, ಅಂದರೆ ಜಗಿಯುವ ಮೆತ್ತನೆ ಮಿಠಾಯಿ, ಹಾಕುತ್ತಾಳೆ. ಹುಡುಗನ ಕತ್ತಿನ ಸುತ್ತ ಬೆಂಕಿಯ ಚಿತ್ರ. ಮುಂದಿನ ದೃಶ್ಯದಲ್ಲಿ ಅವನು ತೆಳ್ಳಗಾಗಿದ್ದಾನೆ, ಅದೇ ಸೋಫಾದಲ್ಲಿ. ಪುಣ್ಯಾತ್ಮ ಎದ್ದೇ ಇಲ್ಲ! ವಿಜ್ಞಾನ ಅಂದ್ರೆ ಹೀಗಿರಬೇಕು.

ಬೆಂಕಿ ಬಿದ್ದದ್ದು ಕಂದು ಕೊಬ್ಬಿಗೆ. ಅದೇನೂ ಕಟ್ಟುಕತೆಯಲ್ಲ. ಹೊಟ್ಟೆಯ ಸುತ್ತ ಕೂರುವ ಬಿಳಿ ಕೊಬ್ಬು ಕೂಡಿಡುವ ಜಾತಿ, ಕಂದು ಕೊಬ್ಬು ಖರ್ಚು ಮಾಡುವ ಜಾತಿ. ಚಳಿಯಾದರೆ ಸಕ್ಕರೆ, ಕೊಬ್ಬು ಎಲ್ಲ ಸುಟ್ಟು ಮೈ ಬೆಚ್ಚಗಿಡುತ್ತದೆ. ಎಳೆಗೂಸುಗಳಿಗೆ ಅದೇ ಕಂಬಳಿ. ದೊಡ್ಡವರ ಕತ್ತಿನ ಹತ್ತಿರವೂ ಅದು ಇನ್ನೂ ಕೆಲಸ ಮಾಡುತ್ತಿದೆ ಎಂದು 2009ರಲ್ಲಿ ಸ್ಕ್ಯಾನ್‌ಗಳು ತೋರಿಸಿದವು. ವಿಜ್ಞಾನಿಗಳು ಕುಣಿದರು. ಅವರ ಹಿಂದೆಯೇ ಬಾಟಲಿ ಮಾರುವವರೂ ಕುಣಿದರು.

ಅದನ್ನು ಎಬ್ಬಿಸುವ ಗಟ್ಟಿ ದಾರಿ ಚಳಿ. 2013ರಲ್ಲಿ ಪ್ರಕಟವಾದ ಜಪಾನಿನ ಒಂದು ಪ್ರಯೋಗದಲ್ಲಿ ಕೆಲವು ಯುವಕರನ್ನು 17 ಡಿಗ್ರಿ ಚಳಿಯಲ್ಲಿ ದಿನಕ್ಕೆ 2 ಗಂಟೆಯಂತೆ 6 ವಾರ ಕೂರಿಸಿದರು. ಕಂದು ಕೊಬ್ಬು ಚುರುಕಾಯಿತು, ಮೈಕೊಬ್ಬು ಒಂಚೂರು ಇಳಿಯಿತು. ಬೆಂಗಳೂರಿನ ಡಿಸೆಂಬರಿನಲ್ಲಿ ಈ ಚಿಕಿತ್ಸೆ ಪುಕ್ಕಟೆ. ಆದರೆ ನಾವು ಬಿಡಬೇಕಲ್ಲ? 17 ಡಿಗ್ರಿ ಆದ ಕೂಡಲೇ ಮಂಕಿ ಕ್ಯಾಪ್ ಹೊರಬರುತ್ತದೆ. ಮಗ 80 ಕೆ.ಜಿ. ತೂಗಿದರೂ ‘ಶೀತ ಆಗುತ್ತೆ ಕಂದಾ’ ಎಂದು ಮೇಲೊಂದು ಸ್ವೆಟರ್, ಕಿವಿಗೆ ಹತ್ತಿ. ಕಂದು ಕೊಬ್ಬು ಪಾಪ ಕಣ್ಣು ಬಿಡುವಷ್ಟರಲ್ಲಿ ತಟ್ಟಿ ಮಲಗಿಸಿಬಿಡುತ್ತೇವೆ.

ಅದೇ ಪ್ರಯೋಗದಲ್ಲಿ ಖಾರವಿಲ್ಲದ ಒಂದು ಬಗೆಯ ಮೆಣಸಿನಕಾಯಿಯ ಸತ್ವವನ್ನೂ ಕೊಟ್ಟು ನೋಡಿದ್ದರು. ಜಾಹೀರಾತಿನವರಿಗೆ ಅಷ್ಟೇ ಸಾಕಾಯಿತು. ತಗೊಂಡವರು ಆರೋಗ್ಯವಾಗಿದ್ದ ಗಂಡಸರು, ಬೊಜ್ಜಿನ ಮಕ್ಕಳಲ್ಲ ಅನ್ನೋದೆಲ್ಲ ಗಮ್ಮಿಯ ಡಬ್ಬಿ ಮೇಲೆ ಹಿಡಿಸೋದಿಲ್ಲ. ಮೆಣಸಿನಕಾಯಿಯಿಂದಲೇ ಬೊಜ್ಜು ಕರಗೋ ಹಾಗಿದ್ದರೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿಗೂ ಹೊಟ್ಟೆ ಇರಬಾರದಿತ್ತು.

ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿದೆ. ಮೊದಲು ಸಕ್ಕರೆ. ಬೊಜ್ಜು ಕರಗಿಸಲು ಸಕ್ಕರೆ, ಇರಲಿ. ಕೆಳಗೆ ಗಾರ್ಸಿನಿಯಾ. ಯಾವುದೋ ದೂರದೇಶದ ಮೂಲಿಕೆ ಅಂದುಕೊಳ್ಳಬೇಡಿ, ನಮ್ಮ ಮಲೆನಾಡಿನ ಹುಳಿಹಣ್ಣು ಉಪ್ಪಾಗೆ ಸ್ವಾಮಿ! ಶಿರಸಿ, ಸಿದ್ದಾಪುರದ ಕಡೆಯವರಿಗೆ ಕೇಳಿ. ಮಳೆಗಾಲದಲ್ಲಿ ಹಣ್ಣು ಆರಿಸಿ ತಂದು, ಸಿಪ್ಪೆ ಬಿಡಿಸಿ, ಬಿಸಿಲಿಲ್ಲದ್ದಕ್ಕೆ ಬೆಂಕಿ ಹಾಕಿ ಒಣಗಿಸುತ್ತಾರೆ. ಬೀಜದಿಂದ ತುಪ್ಪ ತೆಗೆಯುತ್ತಾರೆ. ತುಪ್ಪ! ಅದೇ ಹಣ್ಣಿನ ಸಿಪ್ಪೆ ಕೊಬ್ಬು ಕರಗಿಸುತ್ತದೆ ಎಂದು 1990ರ ದಶಕದಲ್ಲಿ ಹೊರದೇಶದಲ್ಲಿ ಸುದ್ದಿ ಹಬ್ಬಿತು. ಬೇಡಿಕೆ ಏರಿತು. ಕಾಡಿನಲ್ಲಿ ಹಣ್ಣಾಗುವ ತನಕ ಕಾಯುವವರು ಕಮ್ಮಿಯಾದರು, ಕೊಂಬೆ ಕಡಿದೇ ಕಾಯಿ ಕೆಡವುವವರು ಜಾಸ್ತಿಯಾದರು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿ ನೋಡಿದರೆ, ಉಪ್ಪಾಗೆ ಸತ್ವ ತಿಂದವರಿಗೂ ಸತ್ವವೇ ಇಲ್ಲದ ಸುಳ್ಳು ಗುಳಿಗೆ ತಿಂದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಅಲ್ಲಿಗೆ ಉಪ್ಪಾಗೆ ಖಾತ್ರಿಯಾಗಿ ಸುಟ್ಟದ್ದು ಒಂದನ್ನೇ: ಮಲೆನಾಡಿನ ಸೌದೆ. 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ, ಇದು ಲಿವರ್‌ಗೆ ಅಪಾಯ, ತಗೋಬೇಡಿ ಎಂದೇ ಹೇಳಿತು. ಸಾರಿಗೆ ಹಾಕೋ ಹುಳಿ ಬಗ್ಗೆ ಅಲ್ಲ, ಈ ಡಬ್ಬಿಗಳ ಬಗ್ಗೆ.

ಮೈಗೆ ನಿಜವಾಗಿ ಬೆಂಕಿ ಹಚ್ಚುವ ಗುಳಿಗೆಯೂ ಒಂದಿತ್ತು ಅನ್ನಿ. ಡಿಎನ್‌ಪಿ (ಡೈನೈಟ್ರೊಫಿನಾಲ್) ಎಂಬ ರಾಸಾಯನಿಕ, 1930ರ ದಶಕದ ಅಮೆರಿಕದಲ್ಲಿ. ತೂಕ ಇಳಿಯಿತು. ಜೊತೆಗೆ ಕಣ್ಣಿಗೆ ಪೊರೆ ಬಂತು, ಕೆಲವರು ಮೈಕಾವು ಏರಿ ಸತ್ತರು. 1938ರಲ್ಲಿ ಹೊಸ ಕಾನೂನು ಬಂದ ಮೇಲೆ ಅದಕ್ಕೆ ಬಾಗಿಲು ಹಾಕಿದರು.

ತಮಾಷೆ ಸಾಕು. 2022ರ ಲೆಕ್ಕದಂತೆ ಈ ದೇಶದಲ್ಲಿ 5ರಿಂದ 19 ವರ್ಷದ ಸುಮಾರು 1.25 ಕೋಟಿ ಮಕ್ಕಳಿಗೆ ಬೊಜ್ಜಿದೆ. ಆಟದ ಬಯಲಿಗೆ ಪಾರ್ಕಿಂಗ್ ಹಾಕಿದ್ದು ಅವರಲ್ಲ. ಪಿ.ಟಿ. ಪೀರಿಯಡ್ ಕಿತ್ತು ಗಣಿತದ ಮೇಷ್ಟ್ರಿಗೆ ಕೊಟ್ಟಿದ್ದು ಅವರಲ್ಲ. ಎಲ್ಲ ಮಾಡಿದ್ದು ನಾವು. ಈಗ ಆ ಹುಡುಗನ ಎದುರು ಡಬ್ಬಿ ಇಟ್ಟು, ಅವನ ಮೈಯದೇ ತಪ್ಪು ಅನ್ನುತ್ತಿದ್ದೇವೆ. ನಾಚಿಕೆ ಬೇಡವಾ? ನ್ಯೂಯಾರ್ಕ್ ರಾಜ್ಯ 2024ರಿಂದ 18 ತುಂಬದವರಿಗೆ ತೂಕ ಇಳಿಸುವ ಸಪ್ಲಿಮೆಂಟ್ ಮಾರುವುದನ್ನೇ ನಿಷೇಧಿಸಿದೆ. ಇಲ್ಲಿ ಕೊತ್ತಂಬರಿ ಸೊಪ್ಪಿನ ಜೊತೆ ಅದೇ ಚೀಲದಲ್ಲಿ ಹತ್ತು ನಿಮಿಷಕ್ಕೆ ಮನೆಗೆ ಬರುತ್ತದೆ, ವಯಸ್ಸು ಕೇಳುವವರಿಲ್ಲ.

ಡಬ್ಬಿಯ ತಳದಲ್ಲಿ ಇನ್ನೊಂದು ಸಾಲಿತ್ತು: ‘ಮಕ್ಕಳ ಕೈಗೆ ಸಿಗದಂತೆ ಇಡಿ.’ ಅನುಮಾನ ಬಂದು ಗ್ರಾಹಕ ಸೇವೆಗೆ ಫೋನ್ ಮಾಡಿದೆ.

‘ಮೇಡಂ, ಇದು ಮಕ್ಕಳಿಗೇ ಅಲ್ವಾ?’

‘ಹೌದು ಸರ್.’

‘ಮತ್ತೆ ಅವರ ಕೈಗೆ ಸಿಗಬಾರದು ಅಂತ ಬರೆದಿದೆಯಲ್ಲ?’

ಒಂದು ಕ್ಷಣ ಕೀಬೋರ್ಡ್ ಸದ್ದು.

‘ಸರ್, ಎರಡು ಡಬ್ಬಿ ತಗೊಂಡ್ರೆ ಒಂದು ಫ್ರೀ ಇದೆ. ಬುಕ್ ಮಾಡ್ಲಾ?’