ಏಂಜಲ್ ಐಲ್ಯಾಂಡ್‌ನ ಪ್ರಶ್ನೆಗಳು, ನಮ್ಮ ಗ್ರೀನ್ ಕಾರ್ಡ್ ಸಾಲು

ಅಮೆರಿಕಕ್ಕೆ ವಲಸೆ ಬಂದ ಚೀನೀಯರ ಕಥೆ, ಕವಿತೆಗಳ ಮಾತು ಬಂದಾಗ ಇಲ್ಲಿನ ಕನ್ನಡ ಗೆಳೆಯರಲ್ಲಿ ಒಂದು ವಾದ ಎದ್ದೇ ಏಳುತ್ತದೆ. ಅವರನ್ನು ಕಾಡಿದ್ದು ಜನಾಂಗದ್ವೇಷವೋ, ಕಚೇರಿಯ ಕಾಗದಪತ್ರವೋ? ಕಾಗದಪತ್ರ ಎನ್ನುವವರು ಕೂಡಲೇ ನಮ್ಮ ಗ್ರೀನ್ ಕಾರ್ಡಿಗೆ, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿಗೆ, ಬರುತ್ತಾರೆ: ಅವರ ಪಾಡೂ ಅದೇ, ನಮ್ಮ ಪಾಡೂ ಅದೇ. ನಾನಿದನ್ನು ಒಪ್ಪಲಾರೆ.

1882ರ ಕಾಯ್ದೆ ಚೀನೀ ಕೂಲಿಕಾರರಿಗೆ ಬಾಗಿಲು ಮುಚ್ಚಿತು. 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟ ಮೇಲೆ ಅನೇಕರು ತಾವು ಇಲ್ಲೇ ಹುಟ್ಟಿದ ನಾಗರಿಕರೆಂದರು; ನಾಗರಿಕರ ಮಕ್ಕಳಿಗೆ ಬರುವ ಹಕ್ಕಿತ್ತು. ದುಡ್ಡು ಕೊಟ್ಟು, ಕಾಗದದಲ್ಲಿ ಇನ್ನೊಬ್ಬರ ಮಗನಾಗಿ ಬಂದವರಿಗೆ 'ಪೇಪರ್ ಸನ್' ಎಂಬ ಹೆಸರೇ ಬಿತ್ತು. ಅಂಥವರನ್ನು ಹಿಡಿಯಲು 1910ರಿಂದ 1940ರವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದ್ವೀಪವಾದ ಏಂಜಲ್ ಐಲ್ಯಾಂಡ್‌ನಲ್ಲಿ ವಿಚಾರಣೆ ನಡೆಯಿತು. ಊರಿನ ಮನೆಗೆ ಎಷ್ಟು ಮೆಟ್ಟಿಲು? ಬಾಗಿಲು ಯಾವ ದಿಕ್ಕಿಗೆ? ಅಕ್ಕಿ ಇಡುವುದು ಎಲ್ಲಿ? ಅದೇ ಪ್ರಶ್ನೆಗಳನ್ನು ತಂದೆಗೂ ಕೇಳಿ ತಾಳೆ ನೋಡುತ್ತಿದ್ದರು. ಹೊಂದದಿದ್ದರೆ ವಾಪಸ್ ಹಡಗು. ಹೆತ್ತ ಮಗನೂ ತನ್ನ ಮನೆಯನ್ನೇ ಬಾಯಿಪಾಠ ಮಾಡಬೇಕಿತ್ತು. ವಾರ, ತಿಂಗಳುಗಟ್ಟಲೆ ಕಾದವರು ಮರದ ಗೋಡೆಯ ಮೇಲೆ ಕೆತ್ತಿದ ಕವಿತೆಗಳಲ್ಲಿ ಇನ್ನೂರಕ್ಕೂ ಹೆಚ್ಚು ದಾಖಲಾಗಿವೆ. ಅವುಗಳಲ್ಲಿ ಮನೆಯ ನೆನಪಿದೆ, ಸೇಡಿನ ಮಾತೂ ಇದೆ.

ಆದರೆ ನನ್ನನ್ನು ಹೆಚ್ಚು ಕಲಕಿದ್ದು ಚೀನೀ ಮೂಲದ ಲೇಖಕಿ ಸುಯ್ ಸಿನ್ ಫಾರ್ ಅವರ ಒಂದು ಕಥೆ, 1912ರ ಸಂಕಲನದ್ದು. ಚೀನಾಕ್ಕೆ ಹೋಗಿದ್ದಾಗ ಹೆತ್ತ ಕೂಸನ್ನು ಎತ್ತಿಕೊಂಡು ತಾಯಿ ಹಡಗಿನಲ್ಲಿ ಬರುತ್ತಾಳೆ. ಮಗುವಿನ ಹೆಸರಲ್ಲಿ ಕಾಗದವಿಲ್ಲವೆಂದು ಅಧಿಕಾರಿಗಳು ಅದನ್ನು ಇಟ್ಟುಕೊಳ್ಳುತ್ತಾರೆ. ಇದು ಕಾನೂನು, ನಾಳೆ ಬೆಳಗಾಗುವವರೆಗೆ ಮಾತ್ರ ಎಂದು ಗಂಡನೇ ಅವಳನ್ನು ಸಮಾಧಾನ ಮಾಡುತ್ತಾನೆ. ಹತ್ತು ತಿಂಗಳಾಗುತ್ತದೆ. ವಕೀಲನ ಫೀಜಿಗೆ ಅವಳ ಒಡವೆ ಹೋಗುತ್ತವೆ. ಕೊನೆಗೆ ಮಗುವನ್ನು ಇಟ್ಟಿದ್ದ ಕ್ರೈಸ್ತ ಮಿಷನ್ನಿನಿಂದ ಕರೆತರಲು ಹೋದರೆ, ಮಗು ತಾಯಿಯನ್ನು 'ಆಚೆ ಹೋಗು' ಎನ್ನುತ್ತದೆ, ಇಂಗ್ಲಿಷಿನಲ್ಲಿ. ಇಡೀ ಕಥೆಯಲ್ಲಿ ಯಾರೂ ಅವಳನ್ನು ಬೈದು ಅಟ್ಟುವುದಿಲ್ಲ. ದ್ವೇಷ ಒಮ್ಮೆ ಕಾನೂನಾಗಿಬಿಟ್ಟರೆ ಅದನ್ನು ಜಾರಿ ಮಾಡುವವನ ಎದೆಯಲ್ಲಿ ದ್ವೇಷ ಇರಲೇಬೇಕಿಲ್ಲ. ದ್ವೇಷವೋ ಕಾಗದವೋ ಎಂದು ಬೇರ್ಪಡಿಸಿ ಓದಿದರೆ ಈ ಸಾಹಿತ್ಯ ಕೈಗೆ ಸಿಗುವುದಿಲ್ಲ ಅನ್ನುವುದು ಇದಕ್ಕೇ.

ನಮ್ಮ ಕಡೆಯ ತಾಲ್ಲೂಕು ಕಚೇರಿಯಲ್ಲೂ ಅಲೆಯುತ್ತೇವೆ, ಗುಮಾಸ್ತನ ಸಿಡುಕು ಸಹಿಸುತ್ತೇವೆ. ಆದರೂ ನಾಳೆ ಮತ್ತೆ ಹೋಗಿ ಗೋಗರೆಯುವ ದಾರಿ ಇದೆ. ಇಲ್ಲಿ ಉದ್ಯೋಗದ ಮೇಲೆ ಸಿಗುವ ಗ್ರೀನ್ ಕಾರ್ಡಿನಲ್ಲಿ ಯಾವ ದೇಶಕ್ಕಾದರೂ ಸುಮಾರು ಶೇ. 7ರ ಮಿತಿ. ಭಾರತದವರು ಅದರಿಂದ ವರ್ಷಾನುಗಟ್ಟಲೆ ಕಾಯುತ್ತಾರೆ. ನಾನೂ ಆ ಸಾಲಿನಲ್ಲಿದ್ದೇನೆ, ಆ ನೋವು ಗೊತ್ತು. ಆದರೆ ಇದು ಎಲ್ಲ ದೇಶಗಳಿಗೂ ಹಾಕಿದ ಒಂದೇ ಅಳತೆ. 1882ರದ್ದು ಒಂದು ಜನಾಂಗದ ಹೆಸರು ಹಿಡಿದು ಬರೆದ ಕಾನೂನು. ನಮಗೆ ಅದಕ್ಕೆ ಹತ್ತಿರದ್ದು ಬೇಕಿದ್ದರೆ 1917ರ ಕಾಯ್ದೆ ಇದೆ. ಅದು ಭಾರತೀಯರನ್ನೂ ತಡೆಯಿತು, ಅದೇ ದ್ವೀಪದಲ್ಲಿ ನಮ್ಮ ದೇಶದವರನ್ನೂ ಕೂಡಿಹಾಕಿದ್ದರು.

ನಮ್ಮ ಸಂಕಟವನ್ನು ಅವರ ಸಂಕಟಕ್ಕೆ ಜೋಡಿಸುವ ಬದಲು ನಮ್ಮದನ್ನು ನಾವೇ ಬರೆಯಬೇಕು. ತಂದೆತಾಯಿಯ ವೀಸಾದ ಮೇಲೆ ಇಲ್ಲೇ ಬೆಳೆದು, 21 ತುಂಬಿದ ಮೇಲೆ ಆ ಆಸರೆ ತಪ್ಪಿ ಬೇರೆ ವೀಸಾ ಹುಡುಕುವ ಮಕ್ಕಳು ನಮ್ಮ ಪರಿಚಯದ ಮನೆಗಳಲ್ಲೇ ಇದ್ದಾರೆ. ಆ ಮನೆಗಳ ಊಟದ ಮೇಜಿನ ಮಾತು ಕನ್ನಡದಲ್ಲಿ ಕಥೆಯಾಗಿ ಬರಲಿ ಎಂದು ಕಾಯುತ್ತಿದ್ದೇನೆ.