ನೀರು ಇಳಿಯುವ ಹೊತ್ತಿಗೆ ಮಾವ ಕರೆಯುತ್ತಿದ್ದರು

ಸಣ್ಣ ಮಾವ ಹೋಗಿ ಈ ಮಳೆಗಾಲಕ್ಕೆ ಒಂದು ವರ್ಷವಾಯಿತು. ವರ್ಷಾಂತಕ್ಕೆ ಸೇರಿದವರೆಲ್ಲ ಹೇಳಿದ್ದು ಒಂದೇ ಮಾತು, "ಅವರಿದ್ದಾಗ ಮನೆ ತುಂಬಿರುತ್ತಿತ್ತು." ನಿಜ. ಆದರೆ ಮನೆ ಸುಮ್ನೆ ತುಂಬುತ್ತಿರಲಿಲ್ಲ. ತುಂಬಿಸುವುದಕ್ಕೆ ಮಾವ ಎಷ್ಟು ಓಡಾಡುತ್ತಿದ್ದರು ಅನ್ನುವುದನ್ನು ಬರೆದಿಡಬೇಕು ಅನ್ನಿಸಿತು.

ಅವರ ಮನೆ ಇರುವುದು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ. ಹಿತ್ತಲು ದಾಟಿ ಗಜನಿ ಗದ್ದೆಯ (ಉಪ್ಪುನೀರು ಬರುವ ತಗ್ಗು ಗದ್ದೆ) ಬದುವಿನ ಮೇಲೆ ಸ್ವಲ್ಪ ನಡೆದರೆ ನೀರು. ಕ್ಯಾಲೆಂಡರ್ ತಿರುವಿದರೆ ಮಾವ ಮೊದಲು ನೋಡುತ್ತಿದ್ದದ್ದು ಅಮಾವಾಸ್ಯೆ ಮತ್ತು ಹುಣ್ಣಿಮೆ. ಆ ದಿನಗಳಲ್ಲಿ ಭರತವೂ ಜಾಸ್ತಿ, ಇಳಿತವೂ ಜಾಸ್ತಿ. ನೀರು ದೂರ ಸರಿದಾಗ ಬೆಳಚು ಅನ್ನುವ ಚಿಪ್ಪುಮೀನು ಸಿಗುವ ಮರಳು ದಿಬ್ಬ ಕಾಣಿಸುತ್ತದೆ. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ ಅನ್ನುವುದನ್ನು ನನಗೆ ಹೇಳಿಕೊಟ್ಟವರು ಮಾವನೇ.

ಬೇಸಿಗೆ ರಜೆಯಲ್ಲಿ ನಾವು ಹನ್ನೊಂದು ಮಕ್ಕಳು. ಎಲ್ಲರಿಗೂ ಈಜು ಕಲಿಸಿದವರು ಅವರು. ಹೊಟ್ಟೆಯ ಕೆಳಗೆ ಅವರ ಒಂದು ಕೈ ಇರುತ್ತಿತ್ತು. ಅದನ್ನು ಯಾವಾಗ ತೆಗೆದರು ಅಂತ ಗೊತ್ತೇ ಆಗುತ್ತಿರಲಿಲ್ಲ. ನೀರು ತಿರುಗಿ ಏರುವ ಮೊದಲು ತಲೆ ಎಣಿಸುತ್ತಿದ್ದರು. ಒಮ್ಮೆ ನಾನು ಆಟಕ್ಕೆ ದೋಣಿಯ ಹಿಂದೆ ಅಡಗಿ ಕೂತೆ. ಹತ್ತು ತಲೆ ಸಿಕ್ಕಿದಾಗ ಅವರ ಮುಖ ಹೇಗಾಯಿತು ಅಂತ ಈಗಲೂ ನೆನಪಿದೆ. ಅವರು ನನಗೆ ಬೈದದ್ದು ಅದೊಂದೇ ಸಲ.

ಬುಟ್ಟಿಯಲ್ಲಿ ತೀರಾ ಸಣ್ಣ ಬೆಳಚು ಕಂಡರೆ ವಾಪಸ್ ನೀರಿಗೆ. "ಮುಂದಿನ ವರ್ಷ ನಿನ್ನ ತಂಗಿಗೂ ಬೇಕಲ್ಲ ಮಗಾ" ಅನ್ನುತ್ತಿದ್ದರು.

ಆಮೇಲೆ ಅಡುಗೆಮನೆ. ಬೆಳಚು ಮರಳು ಬಿಡಲಿ ಅಂತ ನೀರಿನಲ್ಲಿ ಇಟ್ಟು, ತೊಳೆದು, ಮುಚ್ಚಿ ಬೇಯಿಸುತ್ತಿದ್ದರು. ಬಾಯಿ ಬಿಡದ ಚಿಪ್ಪು ಹೊರಗೆ. ಬೆಂದ ನೀರನ್ನು ಮಾತ್ರ ಚೆಲ್ಲುತ್ತಿರಲಿಲ್ಲ. ಮರಳು ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ನೀರು ಸುಕ್ಕಕ್ಕೆ ಬೀಳಲೇಬೇಕು, ರುಚಿ ಇರುವುದೇ ಅದರಲ್ಲಿ. ಹುಳಿಗೆ ಮುರುಗಲು ಸಿಪ್ಪೆ. ಈರುಳ್ಳಿ ಅಂದರೆ ಮಾಡಿಗೆ ಜಡೆ ಹೆಣೆದು ತೂಗು ಹಾಕಿದ ಕುಮಟಾದ ಸಿಹಿ ಈರುಳ್ಳಿ. ಬಂಗಡೆ ಮೀನಿನ ಸಾರಾದರೆ ಜುಮ್ಮನಕಾಯಿ ಅನ್ನುವ ಘಮದ ಸಾಂಬಾರ ಕಾಯಿ ಬೇಕೇ ಬೇಕು. ಅದಿಲ್ಲದ ದಿನ ಬಂಗಡೆ ತಂದರೂ ಸಾರು ಮಾಡುತ್ತಿರಲಿಲ್ಲ, ಹುರಿದುಬಿಡುತ್ತಿದ್ದರು.

ಒಗ್ಗರಣೆ ಹಾಕುವ ಹೊತ್ತಿಗೆ ನಮ್ಮಲ್ಲೊಬ್ಬರನ್ನು ಅಕ್ಕಪಕ್ಕದ ಮನೆಗೆ ಓಡಿಸುತ್ತಿದ್ದರು. "ಎಲೆ ಹಾಕ್ತಿದ್ದೇವೆ ಅಂತ ಹೇಳಿ ಬಾ." ದೋಣಿಯವರು ಬರುತ್ತಿದ್ದರು, ಮೇಷ್ಟ್ರು ಬರುತ್ತಿದ್ದರು, ದಾರಿಯಲ್ಲಿ ಹೋಗುವವರೂ ಬರುತ್ತಿದ್ದರು. ಅತ್ತೆ ಊಟಕ್ಕೆ ಕೂತ ಮೇಲೇ ಮಾವ ಕೂರುತ್ತಿದ್ದದ್ದು. "ಹೆಂಡತಿಗೆ ಎಷ್ಟು ಸಹಾಯ ಮಾಡ್ತೀರಿ" ಅಂತ ಯಾರಾದರೂ ಹೊಗಳಿದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಸಹಾಯ ಅಲ್ಲ, ನನ್ನ ಕೆಲಸ ಅನ್ನುತ್ತಿದ್ದರು. ನಮ್ಮ ಮನೆಯ ಗಂಡಸರು ಈ ಒಂದು ಮಾತನ್ನಾದರೂ ಅವರಿಂದ ಕಲಿಯಬೇಕಿತ್ತು.

2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು. ಮಾವ ಅವತ್ತು ಪಾಯಸ ಮಾಡಿ ಕೇರಿಗೆಲ್ಲ ಹಂಚಿದರು. ಮನೆಯಲ್ಲಿ ಯಾರೋ ಪಾಸಾದ ಹಾಗೆ!

ಈಗ ಅತ್ತೆ ಮಕ್ಕಳನ್ನು ನೀರಿನ ಹತ್ತಿರ ಬಿಡುವುದಿಲ್ಲ. ನೋಡಿಕೊಳ್ಳುವವರು ಯಾರು ಅಂತ ಅವರ ಭಯ. ತಪ್ಪು ಅನ್ನಲಾರೆ. ಮುಂದಿನ ಸಲ ಬೆಂಗಳೂರಿನಲ್ಲೇ ಒಂದು ಹಾಲ್ ಮಾಡಿ ಎಲ್ಲರೂ ಸೇರೋಣ ಅನ್ನುವ ಮಾತೂ ನಡೆದಿದೆ. ನನಗೆ ಅದು ಬೇಡ. ಹೊಳೆಯನ್ನೂ ಆ ಒಲೆಯನ್ನೂ ಬಿಟ್ಟು ಮಾವನನ್ನು ಎಲ್ಲಿ ನೆನೆಸಿಕೊಳ್ಳುವುದು?

ಏಪ್ರಿಲ್ ಹುಣ್ಣಿಮೆಗೆ ಊರಿಗೇ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ. ಅತ್ತೆಯ ಹತ್ತಿರ ನಾನು ಮಾತಾಡುತ್ತೇನೆ. ದಡದಲ್ಲಿ ನಿಂತು ತಲೆ ಎಣಿಸುವ ಕೆಲಸ ನನಗಿರಲಿ.